ರೋಗಕ್ಕಿಂತ ಹಳೇ ಡಾಕ್ಟ್ರೇ ಡೇಂಜರ್

ಮಂಜ ಅದ್ಯಾವ್ದೋ ಓಬೀರಾಯನ ಕಾಲದ ಗಿಟಾರ್ ಹೊತ್ಕೊಂಡು ಬಂದ, ಕತ್ತು ಮುರಿದು ತಲೆ ಬರೀ ತಂತಿ ಮೇಲೆ ನೇತಾಡ್ತಿತ್ತು.

"ಯಾರೋ ಕತ್ತು ಹಿಸುಕಿದಾರೆ ಕಣೋ" ಅಂದ ಸುರೇಶ.

"ಹಿಸುಕೋದೇನ್ ಬೇಕಿಲ್ಲ, ಸ್ಟ್ಯಾಂಡಿಂದ ಹಿಂದಕ್ಕೆ ಬಿದ್ರೆ ಸಾಕು" ಅಂದ್ಲು ವೀಣಾ. ನಮ್ಮಲ್ಲಿ ರಿಪೇರಿ ಹುಚ್ಚು ಹತ್ತಿರೋದು ಅವಳಿಗೇ. "ಇಂಥ ಹಳೇ ಗಿಬ್ಸನ್ ಕಂಪನಿ ಗಿಟಾರ್‌ಗಳಲ್ಲಿ ಹೆಡ್‌ಸ್ಟಾಕ್, ಅಂದ್ರೆ ಈ ತಲೆ, ಹಿಂದಕ್ಕೆ 17 ಡಿಗ್ರಿ ವಾಲಿರತ್ತೆ, ಮರ ಮಹಾಗನಿ, ಅದ್ರಲ್ಲೂ ಕತ್ತಿನ ತುದೀಲಿ ತಂತಿ ಕೂರೋ ನಟ್ ಪಟ್ಟಿ ಪಕ್ಕದಲ್ಲೇ, ಕತ್ತಿನೊಳಗಿನ ಟ್ರಸ್ ರಾಡ್ ಅನ್ನೋ ಸರಳು ತಿರುಗಿಸೋಕೆ ಅಂತ ಗುಳಿ ಬೇರೆ ತೋಡಿರ್ತಾರೆ. ಎಲ್ಲಿ ತೆಳ್ಳಗಿದ್ಯೋ ಅಲ್ಲೇ ತೂತು! ಕೇಸ್ ಒಳಗಿದ್ದಾಗ ಕೇಸ್ ಬಿದ್ರೂ ಮುರಿಯತ್ತೆ."

"ಅಂದ್ರೆ ಗುಜರಿಗೆ?" ಮಂಜನ ಮುಖ ಸಣ್ಣಗಾಯ್ತು.

"ಥೂ, ತಾಜಾ ಮುರಿತ ಅಂದ್ರೆ ಹಬ್ಬ ಕಣೋ. ಮರ ಸಿಬಿರು ಸಿಬಿರಾಗಿ ಸೀಳಿರತ್ತಲ್ಲ, ಕೂಡಿಸಿದ್ರೆ ತಾನೇ ಕಚ್ಕೊಳತ್ತೆ, ಹೈಡ್ ಗ್ಲೂ 60 ಡಿಗ್ರಿ ಆಸುಪಾಸಲ್ಲಿ ಬಿಸಿ ಇಟ್ಕೊಂಡು ಒಳಗೆ ಬಿಟ್ಟು ಕ್ಲ್ಯಾಂಪ್ ಹಾಕಿ ಒಂದಿನ ಸುಮ್ನೆ ಬಿಟ್ರೆ ಆಯ್ತು."

"ಯಾವ್ದದು ಹೈಡ್ ಗ್ಲೂ?"

"ಪ್ರಾಣಿ ಚರ್ಮ ಬೇಯಿಸಿ ತೆಗೆಯೋ ಅಂಟು. ಬಿಸಿ, ತೇವ ಎರಡೂ ತಾಗಿದ್ರೆ ಬಿಟ್ಕೊಳತ್ತೆ."

"ಬಿಟ್ಕೊಳೋ ಅಂಟು ಹಾಕೋಕೆ ನಿಂಗೇನ್ ತಲೆ ಕೆಟ್ಟಿದ್ಯಾ?" ಸುರೇಶ ಎದ್ದೇ ನಿಂತ.

"ಬಿಟ್ಕೊಳತ್ತೆ ಅಂತಾನೇ ಒಳ್ಳೇದು! ಹಳೇ ಮಾರ್ಟಿನ್ ಕಂಪನಿ ಗಿಟಾರ್‌ಗಳ ನೆಕ್ ರೀಸೆಟ್, ಅಂದ್ರೆ ಕತ್ತು ಬಿಚ್ಚಿ ಸರಿಯಾಗಿ ಕೂರಿಸೋದು, ಹೆಂಗ್ ಮಾಡ್ತಾರೆ ಅನ್ಕೊಂಡೆ? ಕತ್ತಿನ ಮೇಲಿನ ಒಂದು ಲೋಹದ ಫ್ರೆಟ್ ಪಟ್ಟಿ ಕಿತ್ತು, ಸಣ್ಣ ತೂತು ಕೊರೆದು, ಒಳಗೆ ಹಬೆ ನುಗ್ಗಿಸಿದ್ರೆ ಕತ್ತು ಒಡಲಿಗೆ ಸೇರೋ ಡವ್‌ಟೇಲ್ ಜಾಯಿಂಟ್ ಬಿಟ್ಕೊಳತ್ತೆ. ಸ್ಟೀಲ್ ತಂತಿ ಸೆಟ್ ಒಂದು 70 ಕಿಲೋ ಮೇಲೇ ಎಳೀತಿರತ್ತೆ, ವರ್ಷಗಟ್ಲೆ ಎಳೆದ್ರೆ ಕತ್ತು ಮುಂದಕ್ಕೆ ಬಾಗ್ದೇ ಇರತ್ತಾ? ಮುಂದೆ ಒಬ್ರು ಬಿಚ್ಚೇ ಬಿಚ್ತಾರೆ, ಅವರ ಬಗ್ಗೆನೂ ಸ್ವಲ್ಪ ಕರುಣೆ ಇರ್ಲಿ."

ಅಷ್ಟ್ರಲ್ಲಿ ಮಂಜ ಮೆಲ್ಲಗೆ, "ಇದನ್ನ ಮೊದ್ಲೊಂದ್ಸಲ ಯಾರೋ ಅಂಟಿಸಿದಾರೆ ಅನ್ಸತ್ತೆ" ಅಂದ.

ವೀಣಾ ಮೊಬೈಲ್ ಟಾರ್ಚ್ ಹಾಕಿ ನೋಡಿದ್ಲು. ಹಳದಿ ಎಪಾಕ್ಸಿ ಅಂಟು, ಅದ್ರೊಳಗೆ ಎರಡು ಸ್ಕ್ರೂ, ಮೇಲೆ ಪುಟ್ಟಿ. ಆಮೇಲೆ ಅವಳು ಆಡಿದ್ದನ್ನ ಇಲ್ಲಿ ಬರೆಯೋ ಹಾಗಿಲ್ಲ.

"ಮುರಿದಿದ್ದು ರೋಗ, ಇದು ಡಾಕ್ಟ್ರು! ಸ್ಕ್ರೂ ತಲೆಗೆ ಸೋಲ್ಡರಿಂಗ್ ಐರನ್ ಇಟ್ಟು ಎಪಾಕ್ಸಿ ಮೆತ್ತಗೆ ಮಾಡಿ ತೆಗೀಬೇಕು, ಹಳೇ ಅಂಟೆಲ್ಲ ಕೆರೀಬೇಕು, ಸಿಬಿರೆಲ್ಲ ಹೋಗಿರೋದ್ರಿಂದ ಎರಡೂ ಕಡೆ ಉದ್ದಕ್ಕೆ ಕಾಲುವೆ ಥರ ತೋಡಿ ಹೊಸ ಮರದ ಪಟ್ಟಿ ಕೂರಿಸ್ಬೇಕು."

"ಹಂಗೇ ಒಂದು ಕೋಟ್ ಪೇಂಟೂ ಹೊಡೆದ್ಬಿಡೇ, ಹೊಸದರ ಥರ ಕಾಣ್ಲಿ" ಅಂದ ಸುರೇಶ.

"ಕೈ ಮುರೀತೀನಿ! ಮೂಲ ಫಿನಿಶ್, ಅಂದ್ರೆ ಮೇಲಿನ ಹಳೇ ಬಣ್ಣ-ಮೆರುಗು, ತೆಗೆದ್ರೆ ವಿಂಟೇಜ್ ಗಿಟಾರ್ ಬೆಲೆ ಹೆಚ್ಚೂಕಮ್ಮಿ ಅರ್ಧ ಹೋಯ್ತು ಅಂತಾನೇ ಸಂಗ್ರಹ ಮಾಡೋರ ಲೆಕ್ಕ. ಇದು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಅನ್ನೋ ಮೆರುಗೆಣ್ಣೆ, ಹೊಸ ಹನಿ ಬಿಟ್ರೆ ಹಳೇದ್ರಲ್ಲೇ ಕರಗಿ ಬೆರೆಯತ್ತೆ, ಏಟು ಬಿದ್ದಲ್ಲಿ ಮಾತ್ರ ತುಂಬಿದ್ರಾಯ್ತು. ಅಮೆರಿಕದ ಹಾಡುಗಾರ ವಿಲ್ಲಿ ನೆಲ್ಸನ್ 1969ರಿಂದ ಒಂದೇ ಮಾರ್ಟಿನ್ ನುಡಿಸ್ತಿದಾರೆ, ಉಜ್ಜಿ ಉಜ್ಜಿ ಮೇಲ್ಹಲಗೆ ತೂತು ಬಿದ್ದಿದೆ, ಆ ತೂತನ್ನ ಹಂಗೇ ಬಿಟ್ಕೊಂಡಿದಾರೆ."

"ಫೆಂಡರ್ ಗಿಟಾರ್ ಕಂಪನಿಯೋರು 1995ರಿಂದ ಹೊಸ ಗಿಟಾರನ್ನ ಫ್ಯಾಕ್ಟರಿಲೇ ಗೀಚಿ, ತುಕ್ಕು ಹಿಡಿಸಿ ರೆಲಿಕ್ ಅಂತ ಜಾಸ್ತಿ ದುಡ್ಡಿಗೆ ಮಾರ್ತಿದಾರೆ" ಅಂದೆ ನಾನು. ಸುರೇಶ ತನ್ನ ಹೊಸ ಗಿಟಾರನ್ನೂ ಮೇಜಿನ ಮೇಲಿದ್ದ ಬೀಗದ ಕೈಯನ್ನೂ ಒಂದ್ಸಲ ನೋಡಿದ, ವೀಣಾ ಬೀಗದ ಕೈ ಎತ್ತಿ ಜೇಬಿಗಿಟ್ಕೊಂಡ್ಲು.

"ರಿಪೇರಿ ಆಗೋಕೆ ಎಷ್ಟು ದಿನ?" ಅಂದ ಮಂಜ.

"ಯಾಕೆ, ನುಡಿಸೋಕೆ ಅಷ್ಟು ಅರ್ಜೆಂಟಾ?"

"ಇಲ್ಲ, ಇದು ಮುರಿದಿದೆ ಅಂತ ಹೇಳ್ಕೊಂಡೇ ಎಲ್ಲಾ ಕಡೆ ನುಡಿಸೋದ್ರಿಂದ ತಪ್ಪಿಸ್ಕೊಳ್ತಿದೀನಿ. ನಿಧಾನಕ್ಕೇ ಮಾಡು."