ಸ್ಟೈಲಾಗಿರುವ ಚಿಕ್ಕ ಹೆಡ್‌ಫೋನ್: ಸೌಂಡು, ಆರಾಮ ಎರಡನ್ನೂ ಪರೀಕ್ಷೆ ಮಾಡುವುದು ಹೇಗೆ?

ಕೇಳಿದವರು:

ದಿನಾ ವೈಟ್‌ಫೀಲ್ಡ್‌ನಿಂದ ಮೆಜೆಸ್ಟಿಕ್‌ಗೆ ಮೆಟ್ರೋದಲ್ಲಿ ಓಡಾಡುತ್ತೇನೆ. ಕಿವಿಯೊಳಗೆ ತೂರಿಸುವ ಇಯರ್‌ಬಡ್ ನನಗೆ ಆಗುವುದಿಲ್ಲ, ಸ್ವಲ್ಪ ಹೊತ್ತಿಗೇ ನೋವು ಶುರು. ಅದಕ್ಕೇ ಬ್ಯಾಗಿನಲ್ಲಿ ಹಿಡಿಯುವಂಥ, ನೋಡಲೂ ಚೆನ್ನಾಗಿರುವ ಹೆಡ್‌ಫೋನ್ ಹುಡುಕುತ್ತಿದ್ದೇನೆ. ಕನ್ನಡಕ ಹಾಕುತ್ತೇನೆ. ಕರ್ನಾಟಕ ಸಂಗೀತ, ಹಳೆಯ ಸಿನಿಮಾ ಹಾಡು, ಆಫೀಸಿನ ಕಾಲ್ ಮೂರಕ್ಕೂ ಬೇಕು. ಅಂಗಡಿಯಲ್ಲಿ ಎರಡು ನಿಮಿಷ ಹಾಕಿಕೊಂಡರೆ ಎಲ್ಲವೂ ಚೆನ್ನಾಗಿಯೇ ಇರುತ್ತವೆ. ಯಾವುದು ನಿಜವಾಗಿ ಒಳ್ಳೆಯದು ಅಂತ ತಿಳಿಯುವುದು ಹೇಗೆ? ಬಳಸಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ:

ಬಹಳ ವರ್ಷದಿಂದ ಇಂಥವನ್ನೇ ಬಳಸುತ್ತಿದ್ದೇನೆ, ಮನೆಯವರಿಗೂ ಸ್ನೇಹಿತರಿಗೂ ಆರಿಸಿಕೊಟ್ಟಿದ್ದೇನೆ. ನಾನು ಕಂಡುಕೊಂಡ ಮುಖ್ಯ ವಿಷಯ ಇದು: ಚಿಕ್ಕ ಹೆಡ್‌ಫೋನಿನಲ್ಲಿ ಸೌಂಡು ಬೇರೆ, ಆರಾಮ ಬೇರೆ ಅಂತ ನೋಡಲು ಆಗುವುದಿಲ್ಲ. ಈ ಎರಡೂ, ಪ್ಯಾಡ್ ನಿಮ್ಮ ಕಿವಿಯ ಮೇಲೆ ಹೇಗೆ ಕೂರುತ್ತದೆ ಅನ್ನುವುದರ ಮೇಲೇ ನಿಂತಿವೆ.

ಹಿಂಬದಿ ಮುಚ್ಚಿದ ಹೆಡ್‌ಫೋನಿನಲ್ಲಿ ಪ್ಯಾಡಿಗೂ ಕಿವಿಗೂ ಮಧ್ಯೆ ಸಂದಿ ಬಿಟ್ಟರೆ ಗಾಳಿ ಸೋರುತ್ತದೆ. ಆಗ ಮೊದಲು ಹೋಗುವುದೇ ಬೇಸ್, ಅಂದರೆ ತಗ್ಗಿನ ನಾದ. ಅದು ಹೋಗದಿರಲಿ ಅಂತ ತಯಾರಿಸುವವರು ಬಿಗಿ ಜಾಸ್ತಿ ಇಡುತ್ತಾರೆ. ಅದೇ ಬಿಗಿ ಅರ್ಧ ಗಂಟೆ ಆದ ಮೇಲೆ ಕಿವಿ ಹಿಂಡಲು ಶುರು ಮಾಡುತ್ತದೆ. ಹಾಗಾಗಿ ಒಬ್ಬರು ‘ಬೇಸ್ ಸೂಪರ್’ ಅನ್ನುವ ಮಾಡೆಲ್ ಇನ್ನೊಬ್ಬರಿಗೆ ಸಪ್ಪೆ ಅನ್ನಿಸುವುದು ಮಾಮೂಲು. ಇಬ್ಬರೂ ಸರಿಯಾಗಿಯೇ ಹೇಳುತ್ತಿರುತ್ತಾರೆ, ತಲೆ ಬೇರೆ ಅಷ್ಟೇ. ಇಂಟರ್‌ನೆಟ್ಟಿನ ವಿಮರ್ಶೆ ಓದಿ ಪಟ್ಟಿ ಮಾಡಿಕೊಳ್ಳಿ, ತೀರ್ಮಾನ ಮಾತ್ರ ನಿಮ್ಮ ತಲೆಗೆ ಹಾಕಿಕೊಂಡೇ ಆಗಬೇಕು.

ಅಂಗಡಿಯಲ್ಲಿ ಹೀಗೆ ಮಾಡಿ. ಗೊತ್ತಿರುವ ಹಾಡೊಂದನ್ನು ಹಾಕಿ. ಎರಡೂ ಕಪ್‌ಗಳನ್ನು ಬೆರಳಿನಿಂದ ಮೆಲ್ಲಗೆ ಕಿವಿಯ ಕಡೆಗೆ ಒತ್ತಿ, ಬಿಡಿ. ಒತ್ತಿದಾಗ ಬೇಸ್ ಒಮ್ಮೆಲೇ ತುಂಬಿಕೊಂಡು, ಬಿಟ್ಟ ಕೂಡಲೇ ಇಳಿದರೆ ಅದು ನಿಮಗೆ ಸರಿಯಾಗಿ ಕೂರುತ್ತಿಲ್ಲ ಅಂತ ಅರ್ಥ. ಬ್ಯಾಂಡನ್ನು ಒಂದೆರಡು ಹಲ್ಲು ಉದ್ದ ಮಾಡಿ, ಮತ್ತೆ ನೋಡಿ. ಆಮೇಲೆ ಕನ್ನಡಕ ತೆಗೆದು ಒಮ್ಮೆ, ಹಾಕಿಕೊಂಡು ಒಮ್ಮೆ ಅದೇ ಸಾಲು ಕೇಳಿ. ಕನ್ನಡಕದ ಕಡ್ಡಿ ದಪ್ಪ ಇದ್ದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಪ್ಯಾಡ್ ಮೆತ್ತಗಿದ್ದರೆ ಕಡ್ಡಿಯ ಸುತ್ತ ಬಾಗಿ ಮುಚ್ಚಿಕೊಳ್ಳುತ್ತದೆ. ಗಟ್ಟಿ ಇದ್ದರೆ ಸಂದಿಯೂ ಬಿಡುತ್ತದೆ, ಕಡ್ಡಿಯನ್ನು ತಲೆಗೆ ಒತ್ತಿ ನೋವೂ ಕೊಡುತ್ತದೆ.

ಇನ್ನು ವಾಲ್ಯೂಮ್. ಜೋರಾಗಿ ಕೇಳಿಸಿದ್ದು ಯಾವಾಗಲೂ ಚೆನ್ನಾಗಿದೆ ಅನ್ನಿಸುತ್ತದೆ. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ ಅನ್ನುವುದನ್ನು ಫ್ಲೆಚರ್ ಮತ್ತು ಮನ್ಸನ್ ಅನ್ನುವ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ್ದರು. ಎರಡು ಹೆಡ್‌ಫೋನ್ ಹೋಲಿಸುವಾಗ ಹಾಡುವವರ ದನಿ ಎರಡರಲ್ಲೂ ಒಂದೇ ಮಟ್ಟಕ್ಕೆ ಬರುವ ಹಾಗೆ ವಾಲ್ಯೂಮ್ ಹೊಂದಿಸಿಕೊಳ್ಳಿ. ಇದನ್ನು ಮಾಡದೆ ಹೋಲಿಸಿದರೆ ಗೆಲ್ಲುವುದು ಜೋರಾಗಿ ಕೂಗುವುದೇ. ಅಂಗಡಿಯವರು ಹಾಕುವ ಡೆಮೋ ಹಾಡಂತೂ ಬೇಡವೇ ಬೇಡ.

ನೀವು ಕರ್ನಾಟಕ ಸಂಗೀತ ಕೇಳುವವರಾದ್ದರಿಂದ ನಿಮ್ಮ ಹತ್ತಿರ ತುಂಬಾ ಒಳ್ಳೆಯ ಪರೀಕ್ಷೆ ಇದೆ. ಮೃದಂಗದ ಎಡಮುಖ ಕೇಳಿ. ಅಂಗೈ ಒತ್ತಿ ಜಾರಿಸಿದಾಗ ನಾದ ಕೆಳಗಿನಿಂದ ಮೇಲಕ್ಕೆ ಬಾಗುತ್ತದಲ್ಲ, ಆ ಗುಂಕಿ. ಒಳ್ಳೆಯ ಹೆಡ್‌ಫೋನಿನಲ್ಲಿ ಆ ಬಾಗುವಿಕೆ ಉದ್ದಕ್ಕೂ ಕೇಳಿಸುತ್ತದೆ. ಬೇಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ಪ್ರತಿ ಪೆಟ್ಟೂ ಒಂದೇ ‘ಧುಂ’ ಆಗಿ ಮುಗಿಯುತ್ತದೆ, ಶ್ರುತಿಯೇ ಇರುವುದಿಲ್ಲ. ಬೇಸ್ ಸೋರುವುದರಲ್ಲಿ ಬಲಗೈಯ ಚಾಪು ಮಾತ್ರ ಕೇಳಿಸಿ, ಎಡಗೈ ಎಲ್ಲೋ ದೂರದಲ್ಲಿರುತ್ತದೆ.

ಆಮೇಲೆ ತಂಬೂರಿ. ತಂತಿಗಳು ಹಾದುಹೋಗುವ ಕುದುರೆಯ (ಬ್ರಿಡ್ಜ್) ಮೇಲೆ ತಂತಿಯ ಕೆಳಗೆ ನೂಲೆಳೆ ಸಿಕ್ಕಿಸುತ್ತಾರೆ, ಅದರಿಂದಲೇ ಆ ಝೇಂಕಾರ ಹುಟ್ಟುವುದು. ಕಛೇರಿ ನಡೆಯುವಾಗ ಗಾಯಕರು ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅದು ಬಿಡಿಬಿಡಿಯಾಗಿ, ತಂತಿ ತಂತಿಯಾಗಿ ಕೇಳಿಸಬೇಕು. ಅದು ಮಬ್ಬಾಗಿದ್ದರೆ ಮೇಲಿನ ಸ್ವರಗಳು ಕಡಿಮೆ. ಚುಚ್ಚುವ ಹಾಗಿದ್ದರೆ ಜಾಸ್ತಿ, ಅಂಥದ್ದರಲ್ಲಿ ಹಾಡಿನ ‘ಸ’, ‘ಶ’ಗಳೂ ಕಿವಿಗೆ ಹೊಡೆಯುತ್ತವೆ. ಐದು ನಿಮಿಷಕ್ಕೆ ಇದು ‘ಕ್ಲಿಯರ್’ ಅನ್ನಿಸುತ್ತದೆ. ಒಂದು ಗಂಟೆಗೆ ತಲೆ ಭಾರ.

ಹಳೆಯ ಸಿನಿಮಾ ಹಾಡು ಇನ್ನೊಂದಕ್ಕೆ ಉಪಯೋಗ. ಅವುಗಳಲ್ಲಿ ಬಹಳಷ್ಟು ಮೋನೋ, ಅಂದರೆ ಎರಡೂ ಕಿವಿಗೆ ಒಂದೇ ಸೌಂಡು. ಮೋನೋ ಹಾಡಿನ ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಬದಿಗೆ ವಾಲಿದರೆ ಹೆಡ್‌ಫೋನನ್ನು ಎಡಬಲ ತಿರುಗಿಸಿ ಹಾಕಿಕೊಳ್ಳಿ. ದನಿಯೂ ಬದಿ ಬದಲಿಸಿದರೆ ಎರಡು ಕಡೆಯ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಸಮ ಇಲ್ಲ, ಆ ಪೀಸ್ ಬೇಡ. ಬದಲಿಸದಿದ್ದರೆ ಒಂದು ಕಡೆ ಪ್ಯಾಡ್ ಸರಿಯಾಗಿ ಕೂತಿಲ್ಲದೆ ಇರಬಹುದು.

ಕೊನೆಗೆ, ನನ್ನ ಮೆಚ್ಚಿನದ್ದರ ಬಗ್ಗೆ ಹೇಳದೆ ಇರಲಾರೆ. ಕಾಸ್ ಕಂಪನಿಯ ಪೋರ್ಟಾ ಪ್ರೋ 1984ರಲ್ಲಿ ಬಂದದ್ದು, ಅದೇ ರೂಪದಲ್ಲಿ ಇವತ್ತಿಗೂ ಮಾರುತ್ತಾರೆ. ಪುಟ್ಟದಾಗಿ ಮಡಚಿಕೊಳ್ಳುತ್ತದೆ, ಹಾಕಿಕೊಂಡದ್ದೇ ಮರೆತುಹೋಗುವಷ್ಟು ಹಗುರ. ಕಿವಿಯ ಮೇಲ್ಗಡೆ, ಕಣತಲೆಯ ಹತ್ತಿರ ಎರಡು ಸ್ಪಂಜಿನ ತುಂಡುಗಳಿವೆ. ಒಂದು ಚಿಕ್ಕ ಸ್ಲೈಡರ್ ಸರಿಸಿದರೆ ಒತ್ತಡ ಕಿವಿಯಿಂದ ಆ ತುಂಡುಗಳಿಗೆ ಹೋಗುತ್ತದೆ. ಆರಾಮದ ಬಗ್ಗೆ ಇಷ್ಟು ಯೋಚಿಸಿ ಮಾಡಿದ ಚಿಕ್ಕ ಹೆಡ್‌ಫೋನ್ ನಾನು ಬೇರೆ ನೋಡಿಲ್ಲ. ಆದರೆ ಹಿಂಬದಿ ತೆರೆದದ್ದು. ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ, ನಿಮ್ಮ ಹಾಡು ಪಕ್ಕದವರಿಗೂ ಕೇಳುತ್ತದೆ. ಮನೆಗೆ ಚಿನ್ನ, ಮೆಟ್ರೋಗೆ ಬೇಡ.

ಮಂಗಳೂರಿನಿಂದ:

ಮೇಲಿನವರು ಕನ್ನಡಕದ ಬಗ್ಗೆ ಹೇಳಿದರು. ಓಲೆ ಹಾಕುವವರ ಪಾಡು ನಾನು ಹೇಳುತ್ತೇನೆ. ಕಿವಿಯ ಮೇಲೆ ಕೂರುವ ಪ್ಯಾಡ್ ಹಾಲೆಯನ್ನು ಒತ್ತುತ್ತದೆ. ಬೆಂಡೋಲೆಯಾದರೆ ಹಿಂದಿನ ತಿರುಪು ಸೀದಾ ಕಿವಿಯ ಹಿಂದಿನ ಮೂಳೆಗೆ ಚುಚ್ಚುತ್ತದೆ. ಮೊದಲ ಹತ್ತು ನಿಮಿಷ ಗೊತ್ತೇ ಆಗುವುದಿಲ್ಲ. ತೆಗೆದಾಗ ಅಲ್ಲಿ ಕೆಂಪು ಗುಳಿ ಬಿದ್ದಿರುತ್ತದೆ. ಕಿವಿಯ ಸುತ್ತ ಕೂರುವ ದೊಡ್ಡ ಕಪ್ ಈ ವಿಷಯದಲ್ಲಿ ವಾಸಿ. ಆದರೆ ಜುಮುಕಿ ಕೆಳಗಡೆ ಪ್ಯಾಡನ್ನು ಎತ್ತಿ ಹಿಡಿಯುತ್ತದೆ, ಬೇಸ್ ಅಲ್ಲಿಂದ ಹೋಗುತ್ತದೆ. ದಿನಾ ಏನು ಹಾಕಿಕೊಳ್ಳುತ್ತೀರೋ ಅದನ್ನೇ ಹಾಕಿಕೊಂಡು ಅಂಗಡಿಗೆ ಹೋಗಿ. ಕೂದಲೂ ಹಾಗೆಯೇ. ಮೇಲೆತ್ತಿ ತುರುಬು ಕಟ್ಟಿದರೆ ಬ್ಯಾಂಡ್ ಮುಂದಕ್ಕೆ ಜಾರುತ್ತದೆ, ಕಪ್‌ಗಳ ಕೋನವೇ ಬದಲಾಗುತ್ತದೆ.

ನಮ್ಮ ಕಡೆ ಇನ್ನೊಂದು ತೊಂದರೆ ಬೆವರು. ಹೊಳೆಯುವ ಕೃತಕ ಚರ್ಮದ ಪ್ಯಾಡ್ ಇರುವುದೊಂದನ್ನು ನೋಡಲು ಚೆಂದ ಅಂತ ತಂದೆ. ಎರಡನೇ ಮಳೆಗಾಲಕ್ಕೆ ಸಿಪ್ಪೆ ಏಳಲು ಶುರುವಾಯಿತು. ಕರಿ ಚೂರುಗಳು ಕಿವಿಗೆ, ಕತ್ತಿಗೆ ಅಂಟುತ್ತಿದ್ದವು. ಅದಕ್ಕೆ ಬೇರೆ ಪ್ಯಾಡ್ ಸಿಗಲೇ ಇಲ್ಲ, ಅಂಟಿಸಿಬಿಟ್ಟಿದ್ದರು. ಈಗ ಮೊದಲು ಕೇಳುವ ಪ್ರಶ್ನೆಯೇ ‘ಪ್ಯಾಡ್ ಕಳಚುತ್ತದಾ, ಬೇರೆ ಸಿಗುತ್ತದಾ’ ಅಂತ. ಇದೇನೂ ಆಗದ ಕೆಲಸ ಅಲ್ಲ. ಬೋವರ್ಸ್ ಆಂಡ್ ವಿಲ್ಕಿನ್ಸ್ ಕಂಪನಿಯವರ ಪಿ5 ಹೆಡ್‌ಫೋನ್ 2010ರಲ್ಲಿ ಬಂದಾಗಲೇ ಅದರ ಪ್ಯಾಡ್ ಅಯಸ್ಕಾಂತದಿಂದ ಅಂಟಿಕೊಳ್ಳುತ್ತಿತ್ತು, ಕೈಯಿಂದ ಎಳೆದರೆ ಬರುತ್ತಿತ್ತು. ಬಟ್ಟೆಯ ಪ್ಯಾಡ್ ತಂಪು, ಆದರೆ ಅದರ ಮೂಲಕ ಸ್ವಲ್ಪ ಬೇಸ್ ಸೋರುತ್ತದೆ. ಚರ್ಮದ ಪ್ಯಾಡ್ ತೆಗೆದು ಬಟ್ಟೆಯದ್ದು ಹಾಕಿದರೆ ಸೌಂಡೂ ಬದಲಾಗುತ್ತದೆ, ಅದು ಗೊತ್ತಿರಲಿ. ಬಳಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸ್ವಲ್ಪ ಗಾಳಿಗಿಟ್ಟು ಆಮೇಲೆ ಪೌಚಿಗೆ ಹಾಕಿ.

ಹುಬ್ಬಳ್ಳಿಯಿಂದ:

ಆಫೀಸ್ ಕಾಲ್ ಬಗ್ಗೆ ಯಾರೂ ಹೇಳಲಿಲ್ಲ. ಲ್ಯಾಪ್‌ಟಾಪಿಗೆ ಬ್ಲೂಟೂತ್‌ನಲ್ಲಿ ಜೋಡಿಸಿ ಮೀಟಿಂಗ್ ಶುರು ಮಾಡಿದ ಕೂಡಲೇ ಸೌಂಡು ಹಳೆಯ ಲ್ಯಾಂಡ್‌ಲೈನ್ ಥರ ಆಗಿಬಿಡುತ್ತದೆ. ಹೆಡ್‌ಫೋನ್ ಕೆಟ್ಟಿಲ್ಲ. ಅದರ ಮೈಕ್ ಬಳಸಿದಾಗ ಬ್ಲೂಟೂತ್ ಕಾಲ್ ಮೋಡ್‌ಗೆ ಇಳಿಯುತ್ತದೆ, ಸಂಗೀತಕ್ಕೆ ಸಿಗುವ ಗುಣಮಟ್ಟ ಅಲ್ಲಿ ಸಿಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ಮೈಕ್ ಲ್ಯಾಪ್‌ಟಾಪಿನದ್ದು, ಸ್ಪೀಕರ್ ಹೆಡ್‌ಫೋನಿನದ್ದು ಅಂತ ಆರಿಸಿಕೊಳ್ಳಿ, ಸರಿ ಹೋಗುತ್ತದೆ.

‘ಪೋರ್ಟಬಲ್’ ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಸೋನಿಯ ಡಬ್ಲ್ಯುಎಚ್-1000 ಸಾಲಿನ ಎಕ್ಸ್‌ಎಂ4 ಹೆಡ್‌ಫೋನ್ ಮಡಚಿಕೊಳ್ಳುತ್ತಿತ್ತು. 2022ರ ಎಕ್ಸ್‌ಎಂ5 ಮಡಚುವುದಿಲ್ಲ, ಕಪ್ ಮಾತ್ರ ಚಪ್ಪಟೆಯಾಗಿ ತಿರುಗುತ್ತದೆ. 2025ರ ಎಕ್ಸ್‌ಎಂ6ರಲ್ಲಿ ಮತ್ತೆ ಮಡಚುವ ಹಾಗೆ ಮಾಡಿದರು. ಹೆಸರು ಒಂದೇ ಸಾಲಿನದ್ದು, ಬ್ಯಾಗಿನಲ್ಲಿ ಹಿಡಿಯುವ ಜಾಗ ಬೇರೆ. ತೂಕವನ್ನೂ ನೋಡಿ. ಎಕ್ಸ್‌ಎಂ5 250 ಗ್ರಾಂ. ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ 385 ಗ್ರಾಂ ಹತ್ತಿರ, ಲೋಹದ ಕಪ್ ನೋಡಲು ಬಹಳ ಚೆಂದ. ಸೋನಿಯದೇ ಕಿವಿಯ ಮೇಲೆ ಕೂರುವ ಸಿಎಚ್520 147 ಗ್ರಾಂ. ಹಗುರ ಇದ್ದದ್ದೆಲ್ಲ ಆರಾಮ ಅಂತಲ್ಲ. ಬ್ಯಾಂಡಿನ ಕೆಳಗೆ ಮೆತ್ತೆ ಎಷ್ಟು ಅಗಲಕ್ಕಿದೆ ಅಂತ ಬೆರಳಿಟ್ಟು ನೋಡಿ. ಕಿರಿದಾಗಿದ್ದರೆ ಭಾರವೆಲ್ಲ ನೆತ್ತಿಯ ಒಂದೇ ಜಾಗದಲ್ಲಿ.

ಬೆಂಗಳೂರಿನಿಂದ:

ನಾನೂ ಅದೇ ನೇರಳೆ ಮಾರ್ಗದಲ್ಲಿ ಓಡಾಡುವವಳು. ಎಂ.ಜಿ. ರೋಡ್‌ವರೆಗೆ ಹಳಿ ಮೇಲೆ ಎತ್ತರದಲ್ಲಿ, ಏನೂ ತೊಂದರೆ ಇಲ್ಲ. ಕಬ್ಬನ್ ಪಾರ್ಕ್‌ಗೆ ಸುರಂಗ ಶುರು. ಅಲ್ಲಿಂದ ಮೆಜೆಸ್ಟಿಕ್‌ವರೆಗೆ ಗದ್ದಲ ಎಷ್ಟು ಏರುತ್ತದೆ ಅಂತ ನಿಮಗೇ ಗೊತ್ತು. ಎಲ್ಲರೂ ಅಲ್ಲಿ ವಾಲ್ಯೂಮ್ ಏರಿಸುತ್ತಾರೆ, ಇಳಿದ ಮೇಲೂ ಹಾಗೇ ಬಿಡುತ್ತಾರೆ. ಕಿವಿಗೆ ತೊಂದರೆಯಾಗದ ಹಾಗೆ ಎಷ್ಟು ಹೊತ್ತು ಕೇಳಬಹುದು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ದೊಡ್ಡವರಿಗೆ 80 ಡೆಸಿಬೆಲ್‌ (ಸದ್ದಿನ ಅಳತೆ) ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬೆಲ್ ಏರಿದರೆ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. ಸುರಂಗದಲ್ಲೂ ವಾಲ್ಯೂಮ್ ಮುಟ್ಟದೆ ಹಾಡು ಕೇಳಿಸುವಂಥ ಹೆಡ್‌ಫೋನೇ ನಿಮಗೆ ಸರಿಯಾದದ್ದು. ನಾಯ್ಸ್ ಕ್ಯಾನ್ಸಲೇಶನ್ ಇದ್ದರೆ ಗಾಡಿಯ ಗುಡುಗುಡು ಚೆನ್ನಾಗಿ ತಗ್ಗುತ್ತದೆ, ಪಕ್ಕದವರ ಮಾತು ಅಷ್ಟಾಗಿ ತಗ್ಗುವುದಿಲ್ಲ. ಕೆಲವರಿಗೆ ಅದನ್ನು ಆನ್ ಮಾಡಿದರೆ ಕಿವಿ ಕಟ್ಟಿದ ಹಾಗಾಗುತ್ತದೆ. ಆನ್ ಮಾಡಿ, ಆಫ್ ಮಾಡಿ ನೋಡಿ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಅಂಗಡಿಗೆ ಹೋಗಿ ಒತ್ತಿ ಬಿಡುವ ಪರೀಕ್ಷೆ ಮಾಡಿದೆ. ಮನಸ್ಸಿಗೆ ಹಿಡಿದಿದ್ದ ಒಂದು ಅಲ್ಲೇ ಬಿದ್ದುಹೋಯಿತು, ಕನ್ನಡಕ ಹಾಕಿದರೆ ಮೃದಂಗದ ಎಡಗೈಯೇ ಇಲ್ಲ. ಇನ್ನೊಂದು ಸೌಂಡಿನಲ್ಲಿ ತುಂಬಾ ಇಷ್ಟವಾಗಿ ತಂದಿದ್ದೇನೆ, ಸ್ವಲ್ಪ ಬಿಗಿ ಅನ್ನಿಸುತ್ತಿದೆ. ಸಡಿಲ ಮಾಡಬಹುದಾ?

ಮೈಸೂರಿನಿಂದ:

ಮಾಡಬಹುದು. ನಿಮ್ಮ ತಲೆಗಿಂತ ಒಂಚೂರು ಅಗಲ ಬರುವ ಹಾಗೆ ಪುಸ್ತಕ ಜೋಡಿಸಿ, ಅದರ ಮೇಲೆ ರಾತ್ರಿ ಹಾಕಿಡಿ. ಬೆಳಿಗ್ಗೆ ನೋಡಿ, ಸಾಲದಿದ್ದರೆ ಇನ್ನೊಂದು ರಾತ್ರಿ. ಕೈಯಿಂದ ಹಿಗ್ಗಿಸಬೇಡಿ, ಮಡಚುವ ಕೀಲಿನ ಹತ್ತಿರ ಪ್ಲಾಸ್ಟಿಕ್ ಬಿರುಕು ಬಿಡುವುದೇ ಆಗ. ಸಡಿಲವಾದ ಮೇಲೆ ಮೃದಂಗ ಮತ್ತೆ ಕೇಳಿ, ಎಡಗೈ ಹೋಗಿರಬಾರದು. ಆದರೆ ಇದಕ್ಕೆ ಮುಂಚೆ ವಾಪಸ್ ಕೊಡುವ ಅವಧಿ ಎಷ್ಟು ದಿನ ಅಂತ ಬಿಲ್ ನೋಡಿಕೊಳ್ಳಿ. ಅಷ್ಟು ದಿನ ಇರುವ ಹಾಗೆಯೇ ಹಾಕಿಕೊಂಡು ಓಡಾಡಿ. ಕಿವಿಯ ಮೇಲಂಚು ನೋಯುತ್ತಿದ್ದರೆ ಪುಸ್ತಕದಿಂದ ಸರಿ ಹೋಗುವುದು ಕಷ್ಟ, ಕಪ್ ಗಾತ್ರವೇ ನಿಮಗೆ ಆಗುತ್ತಿಲ್ಲ, ಬದಲಾಯಿಸಿಕೊಳ್ಳಿ.