ಡಿಹ್ಯೂಮಿಡಿಫೈಯರ್ ರಾತ್ರಿಯಿಡೀ ಓಡಿಸಬಹುದಾ?

ಪ್ರಶ್ನೆ: ಸರ್, ಗೋಡೆಗೆ ಬೂಷ್ಟು ಹಿಡಿಯುತ್ತೆ ಅಂತ ಮಲಗುವ ಕೋಣೇಲಿ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ಎಳೆದು ಡಬ್ಬಿಗೆ ನೀರಾಗಿ ಇಳಿಸೋ ಮಷೀನ್) ಇಟ್ಟಿದ್ದೀವಿ. ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ದೀವಿ, ನಿನ್ನೆ ಪ್ಲಗ್ ಮುಟ್ಟಿದರೆ ಬಿಸಿ. ನೀರಿನ ಡಬ್ಬಿ ತುಂಬಿ ಚೆಲ್ಲಿದರೆ ಶಾರ್ಟ್ ಆಗುತ್ತೆ ಅಂತ ಅಮ್ಮನಿಗೆ ಭಯ. ರಾತ್ರಿಯಿಡೀ ಬಿಡಬಹುದಾ?

ಉತ್ತರ (ರಿಪೇರಿ ಮೆಕ್ಯಾನಿಕ್): ಡಬ್ಬಿ ತುಂಬುತ್ತಿದ್ದಂತೆ ಒಳಗಿನ ಫ್ಲೋಟ್ ಸ್ವಿಚ್ ಮಷೀನನ್ನು ನಿಲ್ಲಿಸುತ್ತೆ, ಅಮ್ಮನಿಗೆ ಹೇಳಿ. ನನಗೆ ಭಯ ಇರೋದು ಆ ಬಿಸಿ ಪ್ಲಗ್ಗಿನದು. ಇವತ್ತೇ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು ನೋಡಿ. ಪಿನ್ನಿನ ಬುಡ ಕಪ್ಪಾಗಿದೆಯಾ? ಬೋರ್ಡಿನ ತೂತಿನ ಸುತ್ತ ಪ್ಲಾಸ್ಟಿಕ್ ಕಂದು ತಿರುಗಿದೆಯಾ? ಪ್ಲಗ್ ಬಿಗಿಯಾಗಿ ಕೂರದೆ ಅಲ್ಲಾಡುತ್ತಾ? ಯಾವುದಾದರೂ ಒಂದಕ್ಕೆ ಹೌದು ಅಂದರೆ ಬೋರ್ಡು ಎಸೆಯಿರಿ, ಪ್ಲಗ್ ಬದಲಾಯಿಸಿ. ಈ ಮಷೀನ್ ಎಳೆಯೋದು ಕೆಲವು ನೂರು ವ್ಯಾಟ್ ಅಷ್ಟೇ, ಆದರೆ ಗಂಟೆಗಟ್ಟಲೆ ಎಳೀತಾನೇ ಇರುತ್ತೆ. ಸಡಿಲ ಕನೆಕ್ಷನ್ ಕಾಯೋದಕ್ಕೆ ಅಷ್ಟು ಸಾಕು. ನೇರ ಗೋಡೆಯ ಸಾಕೆಟ್ಟಿಗೇ ಹಾಕಿ.

ಇನ್ನೊಂದು, ಫಿಲ್ಟರ್. ಧೂಳು ಕಟ್ಟಿದರೆ ಗಾಳಿ ಹಾಯಲ್ಲ, ಕಂಪ್ರೆಸರ್ರೂ ಫ್ಯಾನ್ ಮೋಟಾರೂ ವಿಪರೀತ ಬಿಸಿಯಾಗುತ್ತವೆ. ಎರಡು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಗೋಡೆ, ಪರದೆ, ಹಾಸಿಗೆಯಿಂದ ಒಂದಡಿ ದೂರ ಇರಲಿ.

ರಾತ್ರಿ ಮಾತು: ತೇವಾಂಶ 50%ಗೆ ಸೆಟ್ ಮಾಡಿ ಹಗಲೇ ಓಡಿಸಿ. ಎಲ್ಲರೂ ಮಲಗಿರುವಾಗ ಅಥವಾ ಮನೇಲಿ ಯಾರೂ ಇಲ್ಲದಾಗ ನಾನಂತೂ ಬಿಡಲ್ಲ.

ಪ್ರಶ್ನೆ: ಥ್ಯಾಂಕ್ಸ್ ಸರ್! ಪಿನ್ ಕಪ್ಪಾಗಿದೆ, ಬೋರ್ಡು ಕಸಕ್ಕೆ ಹೋಯ್ತು. ಬಿಸಿಗಾಳಿ ಬರುತ್ತಲ್ಲ, ಒದ್ದೆ ಬಟ್ಟೆ ಮಷೀನಿನ ಮೇಲೆ ಹರವಬಹುದಾ?

ಉತ್ತರ: ಬೇಡವೇ ಬೇಡ. ಗಾಳಿ ಹೊರಬರೋ ಬಾಯಿ ಮುಚ್ಚುತ್ತೆ, ನೀರು ಒಳಗೆ ತೊಟ್ಟಿಕ್ಕುತ್ತೆ. ಎದುರಿಗೆ ಸ್ಟ್ಯಾಂಡ್ ಇಟ್ಟು ಹಾಕಿ.

ಇನ್ನೊಬ್ಬರು: ಅಣ್ಣಾ, ಸೆಕೆಂಡ್ ಹ್ಯಾಂಡ್ ಒಂದು ಸಿಗ್ತಿದೆ. ತಗೊಳ್ಳಲಾ?

ಉತ್ತರ: ಮಾಡೆಲ್ ನಂಬರ್ ನೋಡದೆ ಬೇಡ. ಗ್ರೀ ಕಂಪನಿ ತಯಾರಿಸಿದ 20 ಲಕ್ಷಕ್ಕೂ ಹೆಚ್ಚು ಡಿಹ್ಯೂಮಿಡಿಫೈಯರ್‌ಗಳನ್ನು 2013ರಲ್ಲಿ ಅಮೆರಿಕದಲ್ಲಿ ವಾಪಸ್ ಕರೆಸಿದ್ದರು, ಕಾದು ಬೆಂಕಿ ಹತ್ತುತ್ತೆ ಅಂತ. 2023ರಲ್ಲಿ ಮತ್ತೆ 15 ಲಕ್ಷ. ಹೊರಗೆ ಬೇರೆ ಬೇರೆ ಬ್ರ್ಯಾಂಡ್ ಹೆಸರು, ಒಳಗೆ ಅದೇ ಮಾಲು. ಹಿಂಬದಿಯ ಲೇಬಲ್ ಫೋಟೊ ತೆಗೆದು, ಆ ನಂಬರ್ ವಾಪಸಾತಿ ಪಟ್ಟಿಯಲ್ಲಿದೆಯಾ ಅಂತ ಹುಡುಕಿ. ಲೇಬಲ್ ಕಿತ್ತುಹೋಗಿದ್ದರೆ ಪುಕ್ಕಟೆ ಕೊಟ್ಟರೂ ಬೇಡ.

ಅದೇ ಸದಸ್ಯರು: ಅಕಸ್ಮಾತ್ ಹೊಗೆ ಬಂದರೆ?

ಉತ್ತರ: ಮೇನ್ ಆಫ್ ಮಾಡಿ, ನೀರು ಸುರಿಯಬೇಡಿ. ಜ್ವಾಲೆ ಕಂಡರೆ ಎಲ್ಲರನ್ನೂ ಕರಕೊಂಡು ಬಾಗಿಲೆಳೆದು ಹೊರಗೆ ಬನ್ನಿ, ಆಮೇಲೆ ಅಗ್ನಿಶಾಮಕದವರಿಗೆ ಫೋನ್ ಮಾಡಿ. ಹೊಗೆ ಬಂದು ತಾನಾಗಿ ನಿಂತಿದ್ದರೂ ಆ ಮಷೀನನ್ನು ಮತ್ತೆ ಆನ್ ಮಾಡಿ ಪರೀಕ್ಷಿಸಬೇಡಿ.