ಪೊಲೀಸರ ನಿವೃತ್ತಿ ವಯಸ್ಸು: ‘ಕಡ್ಡಾಯ ನಿವೃತ್ತಿ’ ಎಂದರೆ ಸರಿಯೇ?

ಮಾನ್ಯರೇ,

ಇಂತಿಷ್ಟು ವಯಸ್ಸು ತುಂಬಿದ ಪೊಲೀಸ್ ಅಧಿಕಾರಿ, ಮೈಯಲ್ಲಿ ಎಷ್ಟೇ ಕಸುವಿದ್ದರೂ, ಹುದ್ದೆ ಬಿಡಲೇಬೇಕೆಂಬ ನಿಯಮ ಹಲವು ದೇಶಗಳಲ್ಲಿದೆ. ಈ ವಯಸ್ಸನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಹೊರದೇಶದ ವಿಷಯ ಬರೆಯುವಾಗ ‘ಕಡ್ಡಾಯ ನಿವೃತ್ತಿ ವಯಸ್ಸು’ ಎಂದುಬಿಡುವುದು ಸುಲಭ. ಆದರೆ ಅದರಿಂದ ಓದುಗರಿಗೆ ತಪ್ಪು ಅರ್ಥ ಹೋಗುತ್ತದೆಂಬುದು ನನ್ನ ತಕರಾರು.

ನಮ್ಮ ಆಡಳಿತ ಕನ್ನಡದಲ್ಲಿ ‘ಕಡ್ಡಾಯ ನಿವೃತ್ತಿ’ಗೆ ಬೇರೆಯೇ ಅರ್ಥ ನೆಲೆಯೂರಿದೆ. ಐಪಿಎಸ್ ಅಧಿಕಾರಿಗಳಿಗೆ ಅನ್ವಯಿಸುವ 1969ರ ಅಖಿಲ ಭಾರತ ಸೇವೆಗಳ ಶಿಸ್ತು ಮತ್ತು ಮೇಲ್ಮನವಿ ನಿಯಮಗಳಲ್ಲಿ ಅದು ಒಂದು ಘೋರ ದಂಡನೆ; ಸೇವೆಯಿಂದ ತೆಗೆದುಹಾಕುವುದು, ವಜಾ ಮಾಡುವುದು ಇವುಗಳ ಸಾಲಿನಲ್ಲೇ ನಿಲ್ಲುತ್ತದೆ. ಇನ್ನೊಂದು ಬಗೆಯೂ ಉಂಟು. 50 ವರ್ಷ ತುಂಬಿದ ಅಧಿಕಾರಿಯನ್ನು ಸಾರ್ವಜನಿಕ ಹಿತದೃಷ್ಟಿಯಿಂದ ಮನೆಗೆ ಕಳುಹಿಸಲು ಸರ್ಕಾರಕ್ಕೆ ಅಧಿಕಾರವಿದೆ. ಅದು ಕಾನೂನಿನ ಕಣ್ಣಿನಲ್ಲಿ ಶಿಕ್ಷೆಯಲ್ಲ. ಆದರೂ ‘ಅವರಿಗೆ ಕಡ್ಡಾಯ ನಿವೃತ್ತಿಯಂತೆ’ ಎಂಬ ಮಾತು ಕಿವಿಗೆ ಬಿದ್ದರೆ, ಕೇಳಿದವರು ಮೊದಲು ಕೇಳುವುದು ‘ಏನು ಮಾಡಿದ್ದರು?’ ಎಂದೇ.

ಒಂದು ಉದಾಹರಣೆ ನೋಡಿ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸಮವಸ್ತ್ರಧಾರಿ ರಾಜ್ಯ ಪೊಲೀಸರು 50ಕ್ಕೆ ಸೇವೆ ಬಿಡಬೇಕಿತ್ತು. 40 ದಾಟಿದವರಿಗೆ ಪ್ರತಿವರ್ಷ ಕಟ್ಟುನಿಟ್ಟಿನ ವೈದ್ಯಕೀಯ ಪರೀಕ್ಷೆ ಬೇರೆ, ಇಸಿಜಿಯೂ ಸೇರಿದಂತೆ. ರಾಬರ್ಟ್ ಮುರ್ಗಿಯಾ ಎಂಬ ಅಧಿಕಾರಿ ನಿವೃತ್ತಿಗೆ ನಾಲ್ಕು ತಿಂಗಳ ಮೊದಲಷ್ಟೇ ಆ ಪರೀಕ್ಷೆಯಲ್ಲಿ ಉತ್ತೀರ್ಣರಾಗಿದ್ದರು. ದೇಹ ಗಟ್ಟಿಯಾಗಿದೆ ಎಂದು ವೈದ್ಯರೇ ಹೇಳಿದ ಮೇಲೂ ಏಕೆ ಹೋಗಬೇಕು ಎಂದು ಅವರು ನ್ಯಾಯಾಲಯದ ಮೆಟ್ಟಿಲೇರಿದರು. 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಿಯಮವನ್ನು ಎತ್ತಿಹಿಡಿಯಿತು: ವಯಸ್ಸಾದಂತೆ ದೇಹಶಕ್ತಿ ಸಾಮಾನ್ಯವಾಗಿ ಕುಗ್ಗುತ್ತದೆ, ಆದ್ದರಿಂದ ಒಂದು ಗೆರೆ ಎಳೆಯುವುದು ಅತಾರ್ಕಿಕವಲ್ಲ ಎಂಬುದು ಬಹುಮತದ ನಿಲುವು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಒಬ್ಬರೇ ಭಿನ್ನಮತ ಬರೆದರು. ಈ ಪ್ರಸಂಗವನ್ನು ಕನ್ನಡಕ್ಕೆ ತರುವಾಗ ‘ಮುರ್ಗಿಯಾ ಅವರಿಗೆ ಕಡ್ಡಾಯ ನಿವೃತ್ತಿ ನೀಡಲಾಯಿತು’ ಎಂದು ಬರೆದರೆ, ಯಾವ ಕಳಂಕವೂ ಇಲ್ಲದ ಮನುಷ್ಯನ ಮೇಲೆ ನಾವೇ ಕಳಂಕ ಹಚ್ಚಿದಂತೆ. ಇದು ನನಗೆ ಸಣ್ಣ ವಿಷಯವೆನಿಸುವುದಿಲ್ಲ.

ಹಾಗಾದರೆ ‘ಕಡ್ಡಾಯ’ವನ್ನು ಕಿತ್ತು ಬರೀ ‘ನಿವೃತ್ತಿ ವಯಸ್ಸು’ ಎಂದರೆ ಸಾಲದೇ? ಭಾರತದ ಮಟ್ಟಿಗೆ ಧಾರಾಳವಾಗಿ ಸಾಕು. ಕೇಂದ್ರ ಮೀಸಲು ಪೊಲೀಸ್ ಪಡೆ, ಗಡಿ ಭದ್ರತಾ ಪಡೆಗಳಲ್ಲಿ ಕಮಾಂಡೆಂಟ್ ದರ್ಜೆಯವರೆಗೆ 57, ಅದರ ಮೇಲಿನವರಿಗೆ 60 ಎಂಬ ಭೇದವಿತ್ತು. 2019ರಲ್ಲಿ ದೆಹಲಿ ಹೈಕೋರ್ಟ್ ತೀರ್ಪಿನ ನಂತರ ಎಲ್ಲರಿಗೂ 60 ಆಯಿತು. ಇದನ್ನು ‘ನಿವೃತ್ತಿ ವಯಸ್ಸು ಏರಿಕೆ’ ಎಂದರೆ ಯಾರಿಗೂ ಗೊಂದಲವಾಗುವುದಿಲ್ಲ, ಏಕೆಂದರೆ ಇಲ್ಲಿ ಆ ವಯಸ್ಸು ಬಂದರೆ ಹೋಗಲೇಬೇಕು. ಅಮೆರಿಕದ ಸಂಗತಿ ಹಾಗಲ್ಲ. ಅಲ್ಲಿನ ಫೆಡರಲ್ ತನಿಖಾಧಿಕಾರಿ 20 ವರ್ಷ ಸೇವೆ ಸಲ್ಲಿಸಿದ್ದರೆ 50ಕ್ಕೆ ಪಿಂಚಣಿಯೊಂದಿಗೆ ಹೋಗಬಹುದು, 57ಕ್ಕೆ ಹೋಗಲೇಬೇಕು. ಹೀಗೆ ಎರಡು ವಯಸ್ಸುಗಳಿರುವಾಗ ‘ನಿವೃತ್ತಿ ವಯಸ್ಸು’ ಎಂದರೆ ಯಾವುದು?

‘ವಯೋನಿವೃತ್ತಿ’ ನಮ್ಮಲ್ಲಿ ಸಿದ್ಧವಾಗಿಯೇ ಇದೆ. ಸರ್ಕಾರಿ ಆದೇಶಗಳಲ್ಲಿ ಬಳಕೆಯಲ್ಲಿರುವ, ಮರ್ಯಾದೆಯ ಪದ. ವಯಸ್ಸಿನ ಕಾರಣಕ್ಕೇ ನಿವೃತ್ತಿ ಎಂಬುದು ಅದರಲ್ಲೇ ಅಡಗಿದೆ. ಆದರೆ ವಯಸ್ಸನ್ನು ಸೂಚಿಸಬೇಕಾದಾಗ ‘ವಯೋನಿವೃತ್ತಿ ವಯಸ್ಸು’ ಎನ್ನಬೇಕಾಗುತ್ತದೆ. ಒಂದೇ ಪದ ಎರಡು ಸಲ ಬಂದು ಕಿವಿಗೆ ಒರಟಾಗುತ್ತದೆ. ಅದಕ್ಕೇ ನನ್ನ ಒಲವು ‘ನಿವೃತ್ತಿ ವಯೋಮಿತಿ’ಯ ಕಡೆಗೆ. ಮಿತಿ ಎಂದ ಮೇಲೆ ದಾಟುವಂತಿಲ್ಲ ಎಂಬುದು ಬಂದೇ ಬಂತು. ಬೇಗ ಹೋಗಬಹುದಾದ ವಯಸ್ಸಿಗೆ ‘ನಿವೃತ್ತಿ ಅರ್ಹತಾ ವಯಸ್ಸು’ ಎನ್ನಬಹುದು. ಒಂದೇ ಅಡ್ಡಿಯೆಂದರೆ, ಪೊಲೀಸ್ ಇಲಾಖೆಯ ಸಂದರ್ಭದಲ್ಲಿ ‘ವಯೋಮಿತಿ’ ಎಂದಕೂಡಲೇ ಜನರಿಗೆ ನೇಮಕಾತಿಯ ವಯೋಮಿತಿ ನೆನಪಾಗುತ್ತದೆ. ಮುಂದೆ ‘ನಿವೃತ್ತಿ’ ಎಂಬುದನ್ನು ಎಂದೂ ಬಿಡದಿದ್ದರೆ ಆಯಿತು.

ವಾಕ್ಯದೊಳಗಾದರೆ ಕನ್ನಡಕ್ಕೆ ಈ ವಿಶೇಷಣದ ಹಂಗೇ ಬೇಕಿಲ್ಲ, ಕ್ರಿಯಾಪದವೇ ಎಲ್ಲವನ್ನೂ ಹೇಳುತ್ತದೆ. ‘ನಿವೃತ್ತಿ ಪಡೆದರು’ ಎಂದರೆ ಕೇಳಿ ಪಡೆದ ಛಾಯೆಯಿದೆ, ಸ್ವಯಂನಿವೃತ್ತಿಗೆ ಒಪ್ಪುತ್ತದೆ. ‘ನಿವೃತ್ತರಾದರು’, ‘ನಿವೃತ್ತಿ ಹೊಂದಿದರು’ ಎಂಬುವು ಕಾಲ ಬಂದು ಹೋದವರಿಗೆ. ‘ನಿವೃತ್ತಿಗೊಳಿಸಲಾಯಿತು’ ಎಂದರೆ ಹಿಂದೆ ಒಂದು ಕೈ ಇದೆ. ಇನ್ನು ನಿಯಮದ ಪಠ್ಯದಲ್ಲಿ ‘57 ವರ್ಷ ತುಂಬಿದ ಅಧಿಕಾರಿಯು ನಿವೃತ್ತನಾಗತಕ್ಕದ್ದು’ ಎಂದು ಬರೆದರೆ, ಆ ‘ತಕ್ಕದ್ದು’ವಿನಲ್ಲೇ ಕಡ್ಡಾಯವಿದೆ.

ನನಗೆ ಬಗೆಹರಿಯದೆ ಉಳಿದದ್ದು ಇನ್ನೊಂದು. ಇಂಗ್ಲೆಂಡ್ ಮತ್ತು ವೇಲ್ಸ್‌ನ 1987ರ ಪೊಲೀಸ್ ಪಿಂಚಣಿ ನಿಯಮಗಳಲ್ಲಿ ಎ19 ಎಂಬ ನಿಯಮವಿದೆ. ಅದರ ಪ್ರಕಾರ, ಸಾಮಾನ್ಯವಾಗಿ 30 ವರ್ಷ ಸೇವೆ ಮುಗಿಸಿ ಪೂರ್ತಿ ಪಿಂಚಣಿ ಗಳಿಸಿದವರನ್ನು ಪಡೆಯ ದಕ್ಷತೆಯ ಹೆಸರಿನಲ್ಲಿ ನಿವೃತ್ತಿಗೊಳಿಸಬಹುದು. ಇಲ್ಲಿ ವಯಸ್ಸು ನೆಪವಲ್ಲ, ತಪ್ಪೂ ನಡೆದಿಲ್ಲ. ‘ವಯೋನಿವೃತ್ತಿ’ ಸುಳ್ಳಾಗುತ್ತದೆ, ‘ಕಡ್ಡಾಯ ನಿವೃತ್ತಿ’ ಅನ್ಯಾಯವಾಗುತ್ತದೆ. ‘ಸೇವಾವಧಿ ನಿವೃತ್ತಿ’ ಎಂದರೆ ಹೊಂದೀತೇ? ಸೇವಾ ನಿಯಮಗಳ ಕಡತಗಳಲ್ಲಿ ಕೈಯಾಡಿಸಿದವರು, ಕಾನೂನು ಅನುವಾದ ಮಾಡಿದವರು ಇದಕ್ಕೆ ಬೇರೆ ಪದ ಬಳಸಿದ್ದರೆ ದಯವಿಟ್ಟು ವಾಕ್ಯಸಮೇತ ತಿಳಿಸಿ.